ಉಪ್ಪು ಸೋಕದ ಟ್ರಕ್ಕು

ನಮ್ಮ ಅಳಿಯಂದಿರ ಬಗ್ಗೆ ನಾನು ಒಂದು ಮಾತೂ ಕೆಟ್ಟದಾಗಿ ಆಡುವವಳಲ್ಲ. ಅಳಿಯ ಬಂದರೆ ಎದ್ದು ನಿಲ್ಲಬೇಕು, ಬಹುವಚನದಲ್ಲೇ ಮಾತಾಡಿಸಬೇಕು, ಅವರು ಹಾಸ್ಯ ಮಾಡಿದರೆ ಅರ್ಥವಾಗದಿದ್ದರೂ ನಗಬೇಕು ಎಂದು ನಮ್ಮತ್ತೆ ನನಗೆ ಕಲಿಸಿದ್ದಾರೆ. ಆದ್ದರಿಂದ ಇಲ್ಲಿ ನಾನು ಹೇಳುವುದೆಲ್ಲ ಅವರ ಟ್ರಕ್ಕಿನ ಬಗ್ಗೆ ಮಾತ್ರ. ನಡುನಡುವೆ ಅಳಿಯಂದಿರೂ ಬಂದರೆ ಅದು ನನ್ನ ತಪ್ಪಲ್ಲ. ಅವರು ಅದರ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ.

೨೦೦೩ರ ದೀಪಾವಳಿ ಮುಗಿಸಿಕೊಂಡು ನಾನು ಮೈಸೂರಿನಿಂದ ಅಮೆರಿಕದ ಇಲಿನಾಯ್‌ನ ಲೊಂಬಾರ್ಡಿಗೆ ಬಂದೆ. ಮಗಳು ಆಶಾರಾಣಿ ಕರೆಸಿಕೊಂಡಿದ್ದಳು. "ಅಮ್ಮ, ನೀನು ಬಂದು ಅಡುಗೆಮನೆ ನೋಡ್ಕೋ. ಜನವರಿ ತನಕ ನಾನು ಹಲ್ಲು ಕೊರೀಬೇಕು" ಎಂದಿದ್ದಳು. ಅವಳು ಮೈಸೂರಿನಲ್ಲಿ ಓದಿದ ಹಲ್ಲಿನ ಡಾಕ್ಟರು. ಆದರೆ ಅಮೆರಿಕದವರ ಬಾಯಿಗೆ ನಮ್ಮ ಡಿಗ್ರಿ ಹಿಡಿಸುವುದಿಲ್ಲವಂತೆ. ಮತ್ತೆ ಇಲ್ಲಿನ ಕಾಲೇಜಿಗೆ ಸೇರಿ ಓದಬೇಕು. ಸೇರಿಸಿಕೊಳ್ಳುವ ಮೊದಲು ಪ್ರೊಫೆಸರುಗಳು ಎದುರಿಗೆ ಕೂರಿಸಿಕೊಂಡು, ಪ್ಲಾಸ್ಟಿಕ್ ಹಲ್ಲು ಕೊಟ್ಟು ಕೊರೆದು ತೋರಿಸು, ಮೇಣ ಕೊಟ್ಟು ಹಲ್ಲು ಕೆತ್ತಿ ತೋರಿಸು ಅನ್ನುತ್ತಾರೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮನೆಗೆ ಕಳಿಸುತ್ತಾರೆ. ಗಂಡನ ವೀಸಾಕ್ಕೆ ಜೋತುಬಿದ್ದು ಐದು ವರ್ಷ ಮನೆಯಲ್ಲಿ ಕೂತವಳು ಊರೂರಿನ ಕಾಲೇಜುಗಳಿಗೆ ಅಪ್ಲೈ ಮಾಡಿದ್ದಳು. ಕರೆ ಬಂದದ್ದು ಡೆಟ್ರಾಯಿಟಿನಿಂದ ಒಂದೇ. ಅದೂ ಕೈತಪ್ಪಿದರೆ ಬರೆದು ಪಾಸಾದ ಪರೀಕ್ಷೆಗಳನ್ನೆಲ್ಲ ಮತ್ತೆ ಮೊದಲಿಂದ ಬರೆಯಬೇಕಿತ್ತು. ಅಷ್ಟು ಹೊತ್ತಿಗೆ ನನ್ನ ಕೈಗೆ ಕೆಲಸವೇ ಮರೆತುಹೋಗಿರುತ್ತೆ ಎಂದು ಅವಳು ನನಗೊಬ್ಬಳಿಗೇ ಹೇಳಿದಳು.

ಅಳಿಯ ಜಗನ್ನಾಥ ಅವರು ಕಂಪ್ಯೂಟರಿನವರು. ಆ ಆಗಸ್ಟಿನಲ್ಲಿ ಯಾವನೋ ರೈತ ಮಾರಿದ ಡೀಸೆಲ್ ಪಿಕಪ್ ಟ್ರಕ್ಕನ್ನು ಕೊಂಡುಕೊಂಡಿದ್ದರು. ಯಾಕೆ ಎಂದು ಕೇಳಿದೆ. "ಏನಾದ್ರೂ ಸಾಗಿಸ್ಬೇಕಾದ್ರೆ ಬೇಕಾಗತ್ತೆ ಅತ್ತೆ" ಎಂದರು. ಆ ಮನೆಯಲ್ಲಿ ಸಾಗಿಸುವಂಥದ್ದು ಎಂದು ಇದ್ದದ್ದು ನಾನು ತಂದ ಎರಡು ಸೂಟ್‌ಕೇಸು. ಅವನ್ನೂ ಏರ್‌ಪೋರ್ಟಿನಿಂದ ಹಳೆಯ ಕಾರಿನಲ್ಲೇ ತಂದರು. ಹತ್ತಿರದ ಲೆಮಾಂಟಿನ ದೇವಸ್ಥಾನದ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ತಂದು ಗರಾಜಿಗೆ ಸೇರಿಸಿದ್ದೇ ಆ ಟ್ರಕ್ಕು ಮಾಡಿದ ದೊಡ್ಡ ಪ್ರಯಾಣ. ಅದಕ್ಕೆ ಜಾಗವಾಗಲಿ ಎಂದು ಕಾರು ಹೊರಗೆ ಹಿಮದಲ್ಲಿ ನಿಂತಿತು.

ನಮ್ಮ ಮನೆಗಳ ಶೋಕೇಸು ನಿಮಗೆ ಗೊತ್ತಲ್ಲ. ಒಳ್ಳೆಯ ಪಿಂಗಾಣಿ ಕಪ್ಪು ಗಾಜಿನ ಹಿಂದೆ, ಕಿವಿ ಮುರಿದದ್ದು ಕೈಯಲ್ಲಿ. ಟಿ.ವಿ.ಗೆ ಕಸೂತಿ ಬಟ್ಟೆ, ರಿಮೋಟಿಗೆ ಪ್ಲಾಸ್ಟಿಕ್ಕು. ನಾನೇ ಮದುವೆಯ ರೇಷ್ಮೆ ಸೀರೆಯನ್ನು ಉಡದೆ ಉಡದೆ ಮಡಿಕೆಯಲ್ಲೇ ಹರಿಸಿದವಳು. ಅಳಿಯಂದಿರು ಅದೇ ಬುದ್ಧಿಯನ್ನು ಸಮುದ್ರ ದಾಟಿಸಿ ಟ್ರಕ್ಕಿನ ಮೇಲೆ ತೋರಿಸಿದರು. ಹಿಮ ಬಿದ್ದೊಡನೆ ಇಲ್ಲಿ ರಸ್ತೆಗೆಲ್ಲ ಉಪ್ಪು ಚೆಲ್ಲುತ್ತಾರೆ, ಅದು ಕರಗಲಿ ಅಂತ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಚಳಿಗಾಲ ಮುಗಿಯುವವರೆಗೆ ಟ್ರಕ್ಕು ರಸ್ತೆಗೆ ಇಳಿಯಕೂಡದು ಎಂಬುದು ಅವರ ಕಟ್ಟುನಿಟ್ಟು. ಆದರೆ ಎಂಥ ಚಳಿಯಲ್ಲೂ ಅದು ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು ಎಂಬುದೂ ಅವರದೇ ಕಟ್ಟುನಿಟ್ಟು. ಓಡಿಸುವುದಿಲ್ಲ, ಸ್ಟಾರ್ಟ್ ಮಾಡುತ್ತಾರೆ. ನಾನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಚಳಿಗೆ ಡೀಸೆಲ್ ಗಟ್ಟಿಯಾಗುತ್ತದೆ ಎಂದು ಅವರು ನನಗೆ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿ ವಿವರಿಸಿದರು. ಧನುರ್ಮಾಸದಲ್ಲಿ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಕಟ್ಟಿಕೊಳ್ಳುವ ಹಾಗೆ ಎಂದೆ. "ಅಷ್ಟು ಸಿಂಪಲ್ ಅಲ್ಲ ಅತ್ತೆ" ಎಂದು ಇನ್ನೂ ಬಹಳ ಹೊತ್ತು ಹೇಳಿದರು. ಅನ್ನ ಸೀದುಹೋಯಿತು.

ಆಮೇಲೆ ಶುರುವಾಯಿತು ನೋಡಿ ಬಾಣಂತನ. ಡೀಸೆಲ್ ಹೆಪ್ಪುಗಟ್ಟದಿರಲಿ ಎಂದು ಟ್ಯಾಂಕಿಗೆ ಸೀಸೆಗಟ್ಟಲೆ ಔಷಧಿ. ಇದ್ದ ಎಂಜಿನ್ ಆಯಿಲ್ ಇಳಿಸಿ, ಚಳಿಗೆಂದೇ ಮಾಡಿದ ತೆಳ್ಳನೆಯ ಆಯಿಲ್. ಫಿಲ್ಟರಿನಲ್ಲಿ ನಿಂತ ನೀರು ಒಳಗೇ ಮಂಜಾಗಿ ದಾರಿ ಕಟ್ಟದಿರಲಿ ಎಂದು ವಾರವಾರವೂ ಅದನ್ನು ಬಸಿಯುವುದು. ಎಂಜಿನ್ನಿನೊಳಗೆ ಕಾದು ಕೆಂಪಾಗುವ ಗ್ಲೋ ಪ್ಲಗ್ಗು ಎಂಬ ಕಡ್ಡಿಗಳನ್ನೆಲ್ಲ ಹೊಸದು ಹಾಕಿದರು. ಆ ಟ್ರಕ್ಕಿಗೆ ಬ್ಯಾಟರಿ ಎರಡು, ಎರಡೂ ಹೊಸದು. ದಿನಾ ಆಫೀಸಿಗೆ ಓಡಾಡುವ ಕಾರಿನ ಬ್ಯಾಟರಿ ಉಬ್ಬಸದವರ ಹಾಗೆ ಗೊರಗೊರ ಅನ್ನುತ್ತಿತ್ತು, ಅದಕ್ಕೆ ಮಾತ್ರ "ಸ್ಪ್ರಿಂಗ್‌ನಲ್ಲಿ ನೋಡೋಣ". ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ.

ಇದೆಲ್ಲದರ ಮೇಲೆ ಬ್ಲಾಕ್ ಹೀಟರ್. ಟ್ರಕ್ಕಿನ ಮೂತಿಯಿಂದ ಒಂದು ವೈರು ಹೊರಬಂದು ಗೋಡೆಯ ಪ್ಲಗ್ಗಿಗೆ ಸೇರುತ್ತದೆ, ರಾತ್ರಿಯಿಡೀ ಎಂಜಿನ್ನನ್ನು ಬೆಚ್ಚಗಿಡುತ್ತದೆ. ಅದು ತಿನ್ನುವ ಕರೆಂಟು ಇಸ್ತ್ರಿ ಪೆಟ್ಟಿಗೆಯಷ್ಟು. ಆದರೂ ನಾನು ಬಚ್ಚಲಿನ ದೀಪ ಆರಿಸಲು ಮರೆತರೆ "ಅತ್ತೆ, ಲೈಟು" ಎಂಬ ದನಿ ಬರುತ್ತಿತ್ತು. ಮಗಳಿಗೆಂದು ನಾನು ಊರಿನಿಂದ ಹೊತ್ತು ತಂದ ಕರಿಕಂಬಳಿ ಒಂದು ಬೆಳಿಗ್ಗೆ ಟ್ರಕ್ಕಿನ ಬಾನೆಟ್ಟಿನ ಮೇಲೆ ಹಾಸಿತ್ತು. ಮಗಳ ಬಾಣಂತನಕ್ಕೆ ತಾಯಂದಿರು ಅಮೆರಿಕಕ್ಕೆ ಬರುವುದನ್ನು ಕೇಳಿದ್ದೆ, ನನ್ನ ಪಾಲಿಗೆ ಇದು ಬಂದಿತ್ತು.

ಡಿಸೆಂಬರಿನಲ್ಲಿ ಬೇಸ್‌ಮೆಂಟಿನ ರೂಮ್ ಹೀಟರೂ ಗರಾಜಿಗೆ ಹೋಯಿತು. "ಎರಡು ದಿನಕ್ಕೆ ಅಷ್ಟೇ" ಎಂದರು ಅಳಿಯಂದಿರು. ಅದು ವಾಪಸು ಬರಲೇ ಇಲ್ಲ. ಆಶಾ ಹಲ್ಲು ಕೊರೆಯುತ್ತಿದ್ದದ್ದು ಆ ಬೇಸ್‌ಮೆಂಟಿನಲ್ಲೇ. ಅವಳಿಗೆ ಚಿಕ್ಕಂದಿನಿಂದ ಚಳಿಗೆ ಬೆರಳು ಸೆಟೆದುಕೊಳ್ಳುತ್ತವೆ, ಬಿಳುಚಿಕೊಂಡು ಕಡ್ಡಿಯ ಹಾಗಾಗುತ್ತವೆ. ಆಗಾಗ ಮೇಲೆ ಬಂದು, ಒಲೆಯ ಮುಂದೆ ನಿಂತ ನನ್ನ ಕಂಕುಳಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದಳು.

"ಹೀಟರ್ ಕೇಳೇ ಅವರನ್ನ" ಎಂದೆ.

"ಕೇಳಿದೆ. ಗರಾಜ್ ಫ್ಯಾರನ್‌ಹೀಟ್ ನಲವತ್ತಕ್ಕಿಂತ ಕೆಳಗೆ ಹೋಗ್ಬಾರ್ದಂತೆ."

"ನೀನು ಹೋಗಬಹುದಾ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಹೊಟ್ಟೆ ಉರಿಯಿತು. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಮಗಳೇ ಹಲ್ಲಿನ ಡಾಕ್ಟರಾಗಿದ್ದರೂ ನಾನು ದವಡೆ ಬಿಗಿಹಿಡಿದುಕೊಂಡು ಸಾರು ಕುದಿಸಿದೆ.

ಪ್ರತಿ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಮಂಗಳಾರತಿ. ಗರಾಜಿನ ಬಾಗಿಲು ಮೇಲೆತ್ತಿ, ಅಳಿಯಂದಿರು ಟ್ರಕ್ಕು ಹತ್ತಿ ಕೂತು ಬೀಗದಕೈ ಅರ್ಧ ತಿರುಗಿಸುತ್ತಾರೆ. ಎದುರಿಗೆ ಒಂದು ಸಣ್ಣ ದೀಪ ಹತ್ತುತ್ತದೆ. ಅದು ಆರುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕು, ಮಾತಾಡಬಾರದು. ಆರಿದ ಮೇಲೆ ಪೂರ್ತಿ ತಿರುಗಿಸುತ್ತಾರೆ, ಟ್ರಕ್ಕು ಢರ್ ಎನ್ನುತ್ತದೆ. ಸ್ವಲ್ಪ ಹೊತ್ತು ಅದರ ಸದ್ದು ಕೇಳಿ, ತೃಪ್ತಿಯಾಗಿ, ಆರಿಸಿ, ಕಂಬಳಿ ಹೊದಿಸಿ, ಹೊರಗೆ ಬಂದು ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಾ ನಿಲ್ಲುತ್ತಾರೆ. ನಾನು ಮಾಡಿದ ಹುಳಿಗೂ ಡೀಸೆಲ್ ವಾಸನೆ ಹತ್ತಿತ್ತು. ಶನಿವಾರ ಪಕ್ಕದ ವೆಸ್ಟ್‌ಮಂಟಿನಿಂದ ಅವರ ಸ್ನೇಹಿತ ಸುದೀಪ್ ಬರುತ್ತಿದ್ದ. ಅವನಿಗಾಗಿ ಇನ್ನೊಂದು ಸಲ ಸ್ಟಾರ್ಟ್. "ಏನ್ ಗುರೂ, ಬೆಣ್ಣೆ ಥರ ಎದ್ದೇಳತ್ತೆ" ಎಂದು ಅವನು ತಲೆದೂಗುತ್ತಿದ್ದ. ಮೈನಸ್ ಇಪ್ಪತ್ತಾದರೂ ಇದು ಡೆಟ್ರಾಯಿಟಿಗೆ ಹೋಗಿ ಬರುತ್ತೆ ಕಣೋ ಎಂದು ಅಳಿಯಂದಿರು ಟೀ ಕುಡಿಯುತ್ತಾ ಹೇಳುತ್ತಿದ್ದರು. ಹೇಳುವುದಕ್ಕೆ ಉಪ್ಪು ಹತ್ತುವುದಿಲ್ಲವಲ್ಲ.

ಪರೀಕ್ಷೆ ಜನವರಿ ಕೊನೆಯ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ. ಹಿಂದಿನ ದಿನ ಸಂಜೆ ನಾಲ್ಕರೊಳಗೆ ಕಾಲೇಜಿಗೆ ಹೋಗಿ ಹೆಸರು ಕೊಟ್ಟು, ಕೂರುವ ಜಾಗ ನೋಡಿಕೊಂಡು ಬರಬೇಕು. ತಡವಾದವರಿಗೆ ಜಾಗವಿಲ್ಲ ಎಂದು ಮೊದಲೇ ಹೇಳಿದ್ದರು. ಡೆಟ್ರಾಯಿಟ್ ಐದು ಗಂಟೆಯ ದಾರಿ, ಮೇಲಾಗಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ. ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಹೊರಡುವುದು, ರಾತ್ರಿ ಮೋಟೆಲ್ಲಿನಲ್ಲಿ ಉಳಿಯುವುದು ಎಂದು ನಿಶ್ಚಯವಾಗಿತ್ತು. ಆಶಾ ಒಬ್ಬಳೇ ಹೆದರುತ್ತಾಳೆಂದು ನಾನೂ ಹೊರಟೆ.

ಭಾನುವಾರ ಎದ್ದಾಗ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿತ್ತು, ಅದೂ ಫ್ಯಾರನ್‌ಹೀಟಿನಲ್ಲಿ. ಅಳಿಯಂದಿರು ಕಾರಿನಲ್ಲಿ ಕೂತು ಬೀಗದಕೈ ತಿರುಗಿಸಿದರು. ಟಕ್ ಎಂದಿತು, ಅಷ್ಟೇ. ಬಾನೆಟ್ ಎತ್ತಿ ನೋಡಿದರೆ ಬ್ಯಾಟರಿ ಹೆಪ್ಪುಗಟ್ಟಿ ಹೊಟ್ಟೆ ಉಬ್ಬಿಸಿಕೊಂಡು ಬಿರುಕು ಬಿಟ್ಟಿತ್ತು. "ಇದಕ್ಕೆ ಟ್ರಕ್ ಬ್ಯಾಟರಿಯಿಂದ ಜಂಪ್ ಕೊಟ್ರೆ ಬ್ಲಾಸ್ಟ್ ಆ‌ಗತ್ತೆ" ಎಂದು ಅವರು ಬಹಳ ತಿಳಿದವರಂತೆ ಹೇಳಿದರು. ಬ್ಯಾಟರಿ ಅಂಗಡಿ ತೆರೆಯುವುದು ಹತ್ತಕ್ಕೆ. ಕೊಂಡು ತಂದು ಹಾಕಿ ಹೊರಟರೆ ನಾಲ್ಕಕ್ಕೆ ಡೆಟ್ರಾಯಿಟ್ ಸೇರುವುದು ಸಾಧ್ಯವಿರಲಿಲ್ಲ.

ಆಶಾ ಹಲ್ಲುಗಳ ಡಬ್ಬಿ ಎದೆಗವಚಿಕೊಂಡು ನಿಂತಿದ್ದಳು. "ಟ್ರಕ್ ಇದೆಯಲ್ಲ ರೀ" ಎಂದಳು.

"ಇವತ್ತಾ? ರಾತ್ರಿ ತಾನೆ ಉಪ್ಪು ಹಾಕಿದಾರೆ. ರಸ್ತೆ ನೋಡು, ಹಪ್ಪಳದ ಥರ ಬೆಳ್ಳಗಿದೆ."

"ಮತ್ತೆ?"

"ಇರು, ಸುದೀಪ್‌ನ ಕಾರ್ ಕೇಳೋಣ."

ಕೈಗವಸು ತೆಗೆಯುವುದು ಬೇಡವೆಂದು ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡಿದರು. ಅದೇ ಅವರು ಮಾಡಿದ ತಪ್ಪು. ಸುದೀಪ್‌ನ ನಿದ್ದೆಗಣ್ಣಿನ ದನಿ ಅಡುಗೆಮನೆಯ ತುಂಬ ಕೇಳಿಸಿತು. "ನನ್ ಕಾರೂ ಏಳ್ತಿಲ್ಲ ಗುರೂ. ನಿಂಗೇನು ಚಿಂತೆ? ಮೈನಸ್ ಇಪ್ಪತ್ತಾದ್ರೂ ಡೆಟ್ರಾಯಿಟ್‌ಗೆ ಹೋಗತ್ತೆ ಅಂತಿದ್ದೆಯಲ್ಲ, ಇವತ್ತು ಹತ್ತೇ ಇದೆ."

ಅಳಿಯಂದಿರು ಫೋನು ಇಟ್ಟರು. ನಾನು ಮಣೆ ತೆಗೆದುಕೊಂಡು ಗರಾಜಿಗೆ ನಡೆದೆ, ಏಕೆಂದರೆ ಆ ಟ್ರಕ್ಕಿನ ಮೆಟ್ಟಿಲು ಸೀರೆ ಉಟ್ಟವರಿಗಾಗಿ ಮಾಡಿದ್ದಲ್ಲ. ಮಣೆಯ ಮೇಲೆ ನಿಂತು, ಆಶಾಳಿಂದ ಹಿಂದಿನಿಂದ ತಳ್ಳಿಸಿಕೊಂಡು, ಮುಂದಿನ ಸೀಟಿನಲ್ಲಿ ಕೂತುಬಿಟ್ಟೆ. ಹತ್ತಿ ಕೂತ ಅತ್ತೆಯನ್ನು ಇಳಿಯಿರಿ ಎನ್ನುವ ಧೈರ್ಯ ನಮ್ಮ ಕಡೆಯ ಅಳಿಯಂದಿರಿಗೆ ಇರುವುದಿಲ್ಲ. ಅವರು ವೈರು, ಔಷಧಿ ಸೀಸೆ, ಇನ್ನೊಂದು ಉದ್ದನೆಯ ವೈರು, ಕಂಬಳಿ, ನನ್ನ ಮಣೆ ಎಲ್ಲ ತುಂಬಿಸಿದರು. ಪರೀಕ್ಷೆಗೆ ಹೋಗುವವಳದು ಒಂದೇ ಚೀಲ. ಟ್ರಕ್ಕು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಆದರೆ ಆವತ್ತು ಅವರ ಮುಖದಲ್ಲಿ ತೃಪ್ತಿ ಇರಲಿಲ್ಲ.

ದಾರಿಯುದ್ದಕ್ಕೂ ಚಕ್ರದ ಕೆಳಗಿನಿಂದ ಉಪ್ಪುನೀರು ಸರ್ರೆಂದು ಹೊಟ್ಟೆಗೆ ಬಡಿಯುತ್ತಿತ್ತು. ಪ್ರತಿ ಸಲವೂ ಅಳಿಯಂದಿರು ತಮ್ಮ ಬೆನ್ನಿಗೇ ಬಾಸುಂಡೆ ಬಿದ್ದಂತೆ ಮುಖ ಹಿಂಡುತ್ತಿದ್ದರು. ಎಲ್ಲರೂ ಎಪ್ಪತ್ತರಲ್ಲಿ ಹೋಗುವ ರಸ್ತೆಯಲ್ಲಿ ಐವತ್ತರಲ್ಲಿ ಹೋದರು, ಕಡಿಮೆ ಸಿಡಿಯಲಿ ಎಂದು. ಮಿಶಿಗನ್ ಸೇರಿದ ಮೇಲೆ ಒಂದು ಎಕ್ಸಿಟ್‌ನಲ್ಲಿ ಹೆದ್ದಾರಿಯಿಂದ ಇಳಿದು ಕಾರು ತೊಳೆಯುವ ಜಾಗ ಹುಡುಕಿದರು. ಚಳಿಗೆ ಪೈಪು ಕಟ್ಟಿಕೊಂಡು ಅದು ಮುಚ್ಚಿತ್ತು. ಮುಂದೆ ಇನ್ನೊಂದು ಎಕ್ಸಿಟ್, ಅದೂ ಮುಚ್ಚಿತ್ತು. ಮೂರನೆಯ ಸಲ ಇಂಡಿಕೇಟರ್ ಹಾಕಿದಾಗ ಹಿಂದಿನಿಂದ ಆಶಾಳ ದನಿ ಬಂತು.

"ರೀ, ನಾಲ್ಕು ಗಂಟೆ ಆದ್ಮೇಲೆ ಒಳಗೆ ಬಿಡಲ್ಲ."

"ಗೊತ್ತು. ಎರಡು ನಿಮಿಷ."

"ಇಳಿಸ್ಬಿಡಿ ನನ್ನ. ನಡ್ಕೊಂಡ್ ಹೋಗ್ತೀನಿ."

ಅವಳು ಕೂಗಲಿಲ್ಲ. ಅವರು ಇಂಡಿಕೇಟರ್ ತೆಗೆದರು. ಕಾಲೇಜಿನ ಮುಂದೆ ನಿಲ್ಲಿಸಿದಾಗ ಇನ್ನೇನು ಬಾಗಿಲು ಹಾಕುವುದರಲ್ಲಿದ್ದರು. ಆಶಾ ಓಡಿದಳು. ನಾನು ದೇವರ ಹೆಸರು ಹೇಳುತ್ತಿದ್ದೆ, ಅಳಿಯಂದಿರು ಮಂಡಿಯೂರಿ ಟ್ರಕ್ಕಿನ ಕೆಳಗೆ ಇಣುಕುತ್ತಿದ್ದರು. ಅವಳು ಹೆಸರು ಕೊಟ್ಟು ಬಂದಳು.

ಮೋಟೆಲ್ಲು ಅಲ್ಲಿಂದ ಮೂರು ಮೈಲಿ. ಕೌಂಟರಿನಲ್ಲಿದ್ದ ಗುಜರಾತಿ ಹೆಂಗಸನ್ನು ಅಳಿಯಂದಿರು ಮೊದಲು ಕೇಳಿದ್ದು, ಹೊರಗೆ ಪ್ಲಗ್ ಪಾಯಿಂಟ್ ಇದೆಯೇ ಎಂದು. ಇಲ್ಲ ಎಂದಳು. ಹಾಗಾದರೆ ಪಾರ್ಕಿಂಗಿನ ಕಡೆ ಕಿಟಕಿಯಿರುವ ಕೆಳಗಿನ ರೂಮು ಕೊಡಿ ಎಂದರು. ಟ್ರಕ್ಕಿನ ಮೂತಿಯನ್ನು ಕಿಟಕಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿ, ವೈರನ್ನು ಕಿಟಕಿಯೊಳಗಿಂದ ಎಳೆದು, ಸಂದಿಗೆ ಮೋಟೆಲ್ಲಿನ ಟವೆಲ್ ತುರುಕಿದರು. ಸಂದಿ ದೊಡ್ಡದು, ಟವೆಲ್ ಚಿಕ್ಕದು.

ಪ್ಲಗ್ ಸಿಕ್ಕಿಸಿದ್ದೇ ತಡ, ರೂಮು ಕತ್ತಲಾಯಿತು. ರೂಮಿನ ಹೀಟರೂ ಟ್ರಕ್ಕಿನ ಹೀಟರೂ ಒಂದೇ ಲೈನಿನ ಮೇಲಿದ್ದವು. ಆ ಹೆಂಗಸಿನ ಗಂಡ ಬಂದು ಕರೆಂಟು ಸರಿಮಾಡಿ, ಎರಡರಲ್ಲಿ ಒಂದು ಮಾತ್ರ ಎಂದು ಬೆರಳೆತ್ತಿ ತೋರಿಸಿ ಹೋದ.

ಅಳಿಯಂದಿರು ಒಂದು ನಿಮಿಷ ಯೋಚಿಸಿದರು. ಪೂರ್ತಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ರೂಮಿನ ಹೀಟರ್ ಆರಿಸಿದರು.

"ಬ್ಲಾಂಕೆಟ್ ಇದೆಯಲ್ಲ, ಅಡ್ಜಸ್ಟ್ ಮಾಡ್ಕೊಳ್ಳೋಣ" ಎಂದರು. ಆಶಾ ಅವರನ್ನೇ ನೋಡುತ್ತಿದ್ದದ್ದು ಕಂಡು, "ನಿನಗೋಸ್ಕರ ತಾನೆ? ಬೆಳಿಗ್ಗೆ ಇದು ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಎಕ್ಸಾಮ್‌ಗೆ ಹೇಗೆ ಹೋಗ್ತೀಯ?" ಎಂದರು.

"ಈ ಊರಲ್ಲಿ ಟ್ಯಾಕ್ಸಿ ಸಿಗಲ್ವಾ?" ಎಂದು ನಾನು ಕೇಳಿದೆ.

"ಇಂಥ ಟ್ರಕ್ ಇಟ್ಕೊಂಡು ಟ್ಯಾಕ್ಸೀಲಿ ಹೋಗೋದಾ ಅತ್ತೆ?"

ಅವರ ದನಿಯಲ್ಲಿ ನಿಜವಾದ ನೋವಿತ್ತು. ಬಾನೆಟ್ಟಿಗೆ ಕಂಬಳಿ ಹೊದಿಸಿ, ಇನ್ನೊಂದು ಸೀಸೆ ಔಷಧಿ ತರುತ್ತೇನೆಂದು ಹತ್ತಿರದ ಪೆಟ್ರೋಲ್ ಬಂಕಿಗೆ ನಡೆದುಕೊಂಡು ಹೋದರು. ಟ್ರಕ್ಕು ಕೆಲಸ ಮಾಡಲಿ ಎಂದು ಮನುಷ್ಯ ನಡೆಯುವುದನ್ನು ನಾನು ಅಮೆರಿಕದಲ್ಲಿ ನೋಡಿದೆ.

ಆಶಾ ಮೇಜಿನ ದೀಪದ ಕೆಳಗೆ ಒಂದು ಕೊನೆಯ ಹಲ್ಲನ್ನು ಮೇಣದಲ್ಲಿ ಕೆತ್ತಲು ಕೂತಿದ್ದಳು. ಬಾಯಿಯಿಂದ ಹಬೆ ಬರುತ್ತಿತ್ತು. ಚಾಕು ಜಾರಿತು, ಹಲ್ಲಿನ ಮೂಲೆ ಹಾರಿಹೋಯಿತು. ಇನ್ನೊಂದು ಮೇಣದ ತುಂಡು ತೆಗೆದುಕೊಂಡಳು, ಅದೂ ಹಾಗೇ. ಅವಳು ಚಾಕು ಕೆಳಗಿಟ್ಟು ತನ್ನ ಕೈಯನ್ನೇ ನೋಡುತ್ತಾ ಕೂತಳು. ಬೆರಳುಗಳು ಆ ಮೇಣದ ಬಣ್ಣಕ್ಕೇ ತಿರುಗಿದ್ದವು.

ಅಲ್ಲಿಗೆ ನಮ್ಮತ್ತೆ ಕಲಿಸಿದ್ದು ಮುಗಿಯಿತು. ನಾನು ಎದ್ದು ಗೋಡೆಯಿಂದ ಟ್ರಕ್ಕಿನ ಪ್ಲಗ್ ಕಿತ್ತೆ. ಕಿತ್ತದ್ದು ಕಾಣದ ಹಾಗೆ ಪರದೆಯ ಹಿಂದೆ ಸೇರಿಸಿದೆ. ಕಿಟಕಿಯನ್ನು ವೈರಿನ ಮೇಲೇ ಒತ್ತಿ ಎಳೆದು, ಉಳಿದ ಸಂದಿಗೆ ನನ್ನ ಶಾಲು ತುಂಬಿ, ರೂಮಿನ ಹೀಟರ್ ಹಾಕಿದೆ. ಆಶಾ ನೋಡುತ್ತಿದ್ದಳು. ಬೇಡ ಅನ್ನಲಿಲ್ಲ. ಆಮೇಲೆ ಕೌಂಟರಿಗೆ ಹೋಗಿ, ಟಿ.ವಿ. ನೋಡಿ ಕಲಿತ ಹಿಂದಿಯಲ್ಲಿ, ನಾಳೆ ಬೆಳಿಗ್ಗೆ ಏಳಕ್ಕೆ ಒಂದು ಟ್ಯಾಕ್ಸಿ ಬೇಕಮ್ಮ, ಮಗಳಿಗೆ ಪರೀಕ್ಷೆ ಎಂದೆ. ಆ ಹೆಂಗಸು ಹೊರಗೆ ನಿಂತ ಟ್ರಕ್ಕನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಕೇಳದೆ ಫೋನು ಮಾಡಿದಳು.

ಅಳಿಯಂದಿರು ಸೀಸೆ ಹಿಡಿದು ಬರುವ ಹೊತ್ತಿಗೆ ರೂಮು ಬೆಚ್ಚಗಾಗಿತ್ತು. ಗಾಳಿಗೆ ಕೈಯೊಡ್ಡಿ ನೋಡಿದರು. "ನೋಡಿದ್ರಾ ಅತ್ತೆ, ಎರಡೂ ಒಟ್ಟಿಗೆ ನಡೀತಿದೆ. ಆ ಮನುಷ್ಯನಿಗೆ ಎಲೆಕ್ಟ್ರಿಸಿಟಿ ಗೊತ್ತಿಲ್ಲ, ಸುಮ್ನೆ ಹೆದರಿಸಿದ."

"ಹೌದು, ಅವರಿಗೆಲ್ಲಿ ಗೊತ್ತಾಗಬೇಕು" ಎಂದೆ. ಆಶಾ ಮತ್ತೆ ಚಾಕು ಹಿಡಿದಿದ್ದಳು.

ಬೆಳಿಗ್ಗೆ ಅಳಿಯಂದಿರು ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು ಟ್ರಕ್ಕು ಹತ್ತಿದರು. ಸಣ್ಣ ದೀಪ ಹತ್ತಿತು, ಆರಿತು. ಬೀಗದಕೈ ತಿರುಗಿಸಿದರು. ಟ್ರಕ್ಕು ಮುದಿ ಎಮ್ಮೆಯ ಹಾಗೆ ಒಂದು ಸಲ ನರಳಿ ಸುಮ್ಮನಾಯಿತು. ಮತ್ತೆ ತಿರುಗಿಸಿದರು, ಇನ್ನೂ ಮೆಲ್ಲಗೆ ನರಳಿತು. ಇಳಿದು ಒಳಗೆ ಬಂದು, ವೈರಿನ ಗುಂಟ ಕೈಯಾಡಿಸುತ್ತಾ ಹೋಗಿ ಪರದೆ ಸರಿಸಿದರು.

"ಇದನ್ನ ಯಾರು ತೆಗೆದಿದ್ದು?"

"ನಾನು" ಎಂದೆ.

"ಯಾವಾಗ?"

"ಸಂಜೆನೇ."

ಅವರ ಮುಖ ನೋಡಿದರೆ ನಾನು ಯಾರದೋ ಕತ್ತು ಹಿಸುಕಿದ್ದೇನೆ ಎನ್ನಬೇಕು. "ನಿಮಗೆ ಏನ್ ಮಾಡಿದೀರ ಅಂತ ಗೊತ್ತಾ ಅತ್ತೆ? ಈಗ ಹಾಕಿದ್ರೆ ಮೂರು ಗಂಟೆ ಬೇಕು ಕಾಯೋಕೆ. ಇವಳ ಎಕ್ಸಾಮ್ ಗತಿ ಏನು?"

"ಟ್ಯಾಕ್ಸಿ ಬಂದಿದೆ ರೀ" ಎಂದಳು ಆಶಾ. ಅವಳು ಆಗಲೇ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದಳು. "ಬನ್ನಿ, ಜಾಗ ಇದೆ."

ಅವರು ಬರಬಹುದಿತ್ತು. ಟ್ಯಾಕ್ಸಿಯಲ್ಲಿ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು, ಹೊರಟು ನಿಂತವಳು ಅವರನ್ನೇ ನೋಡುತ್ತಿದ್ದಳು. ಅವರು ಕೈಯಲ್ಲಿದ್ದ ಪ್ಲಗ್ ನೋಡಿದರು, ಕಿಟಕಿಯಾಚೆ ನೋಡಿದರು. "ನೀವು ಹೋಗಿರಿ. ಇದನ್ನ ಹೀಗೇ ಬಿಟ್ಟು ಬರೋಕಾಗಲ್ಲ" ಎಂದರು. ಆಮೇಲೆ ನೆನಪಾಗಿ "ಆಲ್ ದ ಬೆಸ್ಟ್" ಎಂದರು. ನಾವು ಟ್ಯಾಕ್ಸಿ ಹತ್ತುವಾಗ ಅವರು ಪ್ಲಗ್ ಸಿಕ್ಕಿಸಿ ರೂಮಿನ ಹೀಟರ್ ಆರಿಸುತ್ತಿದ್ದರು.

ಟ್ಯಾಕ್ಸಿಯಲ್ಲಿ ಆಶಾ ನನ್ನ ಕಂಕುಳಲ್ಲಿ ಕೈ ಇಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಅಳುತ್ತಾಳೇನೋ ಎಂದು ನಾನು ಹೆದರಿದ್ದೆ. ಅವಳು ಬಾಯೊಳಗೆ ಏನೋ ಲೆಕ್ಕ ಹಾಕಿಕೊಳ್ಳುತ್ತಿದ್ದಳು. ಹಲ್ಲನ್ನು ಎಲ್ಲಿಂದ ಕೊರೆಯಲು ಶುರು ಮಾಡಬೇಕು ಎಂದು ಆಮೇಲೆ ತಿಳಿಯಿತು.

ಕಾಲೇಜಿನ ಕಾರಿಡಾರಿನಲ್ಲಿ ನಾನು ಮಧ್ಯಾಹ್ನದವರೆಗೆ ಕೂತಿದ್ದೆ. ಒಳಗಿನಿಂದ ಡ್ರಿಲ್ಲುಗಳ ಸದ್ದು ಜೇನುಗೂಡಿನ ಹಾಗೆ ಬರುತ್ತಿತ್ತು. ಕೆಲವರು ಅಳುತ್ತಾ ಹೊರಬಂದರು. ಒಬ್ಬ ಪಂಜಾಬಿ ಹುಡುಗಿ ಬೆಂಚಿನಲ್ಲಿ ನನ್ನ ಪಕ್ಕ ಕೂತು ನನ್ನ ಭುಜಕ್ಕೇ ಒರಗಿ ಅತ್ತಳು. ಅವಳ ಬೆನ್ನು ಸವರುತ್ತಾ ನಾನು ಬಾಗಿಲನ್ನೇ ನೋಡುತ್ತಿದ್ದೆ. ಕೊನೆಗೆ ಆಶಾ ಬಂದಳು. ಕಣ್ಣು ಕೆಂಪಾಗಿತ್ತು, ತಲೆಗೂದಲಿಗೆಲ್ಲ ಹಲ್ಲಿನ ಪುಡಿ ಮೆತ್ತಿತ್ತು.

"ಕೈ ನಡುಗಲಿಲ್ಲಮ್ಮ" ಎಂದಳು.

ನನಗೆ ಅಷ್ಟು ಸಾಕಾಗಿತ್ತು. ಇಬ್ಬರೂ ಮೆಟ್ಟಿಲ ಹತ್ತಿರ ನಿಂತಿದ್ದಾಗ ಬೀದಿಯ ತುದಿಯಿಂದ ಆ ಢರ್ ಸದ್ದು ಕೇಳಿಸಿತು. ಟ್ರಕ್ಕು ಮೂತಿಯಿಂದ ಬಾಲದವರೆಗೆ ಬೂದಿ ಬಳಿದ ಬೈರಾಗಿಯ ಹಾಗೆ ಬೆಳ್ಳಗಾಗಿತ್ತು. ಅಳಿಯಂದಿರು ಗಾಜು ಇಳಿಸಿ ನಗುತ್ತಾ ತಲೆ ಹೊರಹಾಕಿದರು. ಮುಖದಲ್ಲಿ ಬೆಳಗಿನ ಕೋಪದ ಸುಳಿವೂ ಇರಲಿಲ್ಲ.

"ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು" ಎಂದರು.

ಆಶಾ ಒಂದು ಕ್ಷಣ ಕಾದಳು. ಇನ್ನೂ ಏನಾದರೂ ಕೇಳುತ್ತಾರೆಂದು ನಾನೂ ಕಾದೆ. ಅವರು ಇಳಿದು ಬಂದು ಮಣೆಯನ್ನು ಕೆಳಗಿಟ್ಟು, "ಹತ್ತಿ ಅತ್ತೆ, ದಾರೀಲಿ ವಾಶ್ ಮಾಡಿಸ್ಬೇಕು" ಎಂದರು. ಪರೀಕ್ಷೆ ಹೇಗಾಯಿತು ಎಂದು ಅವರು ಕೇಳಿದ್ದು ಇಲಿನಾಯ್ ಸೇರಿದ ಮೇಲೆ, ಟ್ರಕ್ಕಿನ ಕೆಳಗೆಲ್ಲ ತೊಳೆಸಿ ಸಮಾಧಾನವಾದ ಮೇಲೆ. ಪರವಾಗಿಲ್ಲ ಎಂದಳು ಆಶಾ. ಗುಡ್ ಎಂದರು.

ಮಾರ್ಚಿನಲ್ಲಿ ಡೆಟ್ರಾಯಿಟಿನಿಂದ ಫೋನು ಬಂತು, ಸೀಟು ಸಿಕ್ಕಿತ್ತು. ನಾನು ಒಬ್ಬಟ್ಟು ಮಾಡಿದೆ. ಅಳಿಯಂದಿರಿಗೂ ನಿಜವಾಗಿ ಸಂತೋಷವಾಗಿತ್ತು, ಸುಳ್ಳು ಹೇಳಬಾರದು. ಊಟಕ್ಕೆ ಕೂತಾಗ ಎರಡನೆಯ ಒಬ್ಬಟ್ಟು ಮುರಿಯುತ್ತಾ ಅವರು ಮುಂದಿನ ಏರ್ಪಾಟೆಲ್ಲ ಹೇಳಿದರು.

"ನಾನೂ ಅಲ್ಲಿಗೇ ಟ್ರಾನ್ಸ್‌ಫರ್ ಕೇಳ್ತೀನಿ. ಗರಾಜ್ ಇರೋ ಮನೆ ನೋಡ್ಬೇಕು. ಗರಾಜ್‌ಗೆ ಸಪರೇಟ್ ಲೈನ್ ಇರ್ಬೇಕು, ಅವತ್ತಿನ ಥರ ಆಗ್ಬಾರ್ದು."

"ನಾನು ಕಾಲೇಜ್ ಹತ್ರ ಒಂದು ರೂಮ್ ಮಾತಾಡಿದೀನಿ" ಎಂದಳು ಆಶಾ.

"ರೂಮಾ? ಗರಾಜ್ ಇದೆಯಾ?"

"ಇಲ್ಲ."

"ಮತ್ತೆ ಟ್ರಕ್ ಎಲ್ಲಿ ನಿಲ್ಸೋದು?"

"ಇಲ್ಲೇ ಇರ್ಲಿ ರೀ. ನೀವೂ ಇಲ್ಲೇ ಇರಿ, ಅದನ್ನ ನೋಡ್ಕೊಳ್ಳೋರು ಬೇಕಲ್ಲ. ರೂಮ್ ಒಬ್ಬಳಿಗೇ ಅಂತ ಹೇಳಿದೀನಿ."

ಅವಳು ಕೋಪದಿಂದ ಹೇಳಲಿಲ್ಲ. ತಟ್ಟೆಯ ಅನ್ನ ಕಲಸುತ್ತಾ, ನಾಳೆ ಹಾಲು ತರಬೇಕು ಎನ್ನುವ ದನಿಯಲ್ಲೇ ಹೇಳಿದಳು. ಅಳಿಯಂದಿರ ಕೈ ತಟ್ಟೆಯಲ್ಲೇ ನಿಂತಿತು. "ಎಷ್ಟು ದಿನಕ್ಕೆ?" ಎಂದರು. ಅವಳು ಸಾರಿನ ಪಾತ್ರೆ ಹತ್ತಿರ ಎಳೆದುಕೊಂಡಳು. ಅವರು ಮೆಲ್ಲಗೆ ನನ್ನ ಕಡೆ ತಿರುಗಿದರು, ಹಿರಿಯರು ಏನಾದರೂ ಒಂದು ಬುದ್ಧಿಮಾತು ಹೇಳಿ ಮಗಳನ್ನು ತಿದ್ದುತ್ತಾರೆಂದು ಕಾಯುವವರ ಹಾಗೆ.

"ಮಜ್ಜಿಗೆ ಹಾಕ್ಲಾ?" ಎಂದು ಕೇಳಿದೆ.